ಆರು ಗಂಟೆ ಮಾಫಿ

ಮಂಡಿ ಮೊಹಲ್ಲಾದ ನನ್ನ ಬೈಂಡಿಂಗ್ ಅಂಗಡಿಗೆ
ಇನ್ನಾಸಪ್ಪನವರು ತಂದದ್ದು
ರಟ್ಟು ಕಿತ್ತ, ಬೆನ್ನು ಮುರಿದ ಒಂದು ಕರಾರು ಪುಸ್ತಕ.
ಅವರ ಅಪ್ಪನದಂತೆ.
ಸಂಸ್ಥಾನದ ಹಳಿ ಮುಗಿದು ಕಂಪನಿಯ ಹಳಿ ಶುರುವಾಗುವಲ್ಲಿ
ದಾಟುವ ಬಂಡಿಗಳನ್ನು ಎಣಿಸುತ್ತಿದ್ದರಂತೆ,
ಹಗಲು ಸೀಮೆಸುಣ್ಣ, ರಾತ್ರಿ ಲಾಟೀನು.

ಹೊಲಿಯುವ ಪುಸ್ತಕ ಓದಬಾರದು ಅನ್ನುತ್ತಿದ್ದರು ನಮ್ಮ ಮಾವ,
ಓದಲು ಕೂತರೆ ಕೂಲಿ ಗಿಟ್ಟದು.
ಮೈದಾ ಕುದಿದು ಮೈಲುತುತ್ತ ಕರಗುವಷ್ಟರಲ್ಲಿ
ನಾಲ್ಕು ಕಲಮು ಓದಿಬಿಟ್ಟೆ.

ನಮ್ಮ ಸೀಮೆಗೆ ಕಡಲಿರಲಿಲ್ಲ.
ಒಂದು ಹಿಡಿ ಉಪ್ಪು ಬೇಕೆಂದರೂ
ಇನ್ನೊಬ್ಬರ ಅಂಗಳ ಹಾದೇ ಬರಬೇಕು.
ಅದಕ್ಕೇ ಇಷ್ಟು ಕಾಗದ.

'ನೆರೆಸೀಮೆಯ ಬಂಡಿಗೆ ಮೊದಲ ಆರು ಗಂಟೆ ಬಾಡಿಗೆ ಮಾಫಿ,
ತರುವಾಯ ದಿನವೊಂದಕ್ಕೆ ಎಂಟಾಣೆ.'
'ಬಂಡಿಯ ಮೈಮೇಲಿನ ಅಂಕಿಯನ್ನು ಅಳಿಸತಕ್ಕದ್ದಲ್ಲ,
ಬಣ್ಣ ಬಳಿದು ತನ್ನದೆನ್ನತಕ್ಕದ್ದಲ್ಲ.'
'ಹಿಂದಿರುಗುವಾಗ ಹೊರೆ ಹೇರುವುದಾದರೆ
ಬಂಡಿಯ ಮನೆಯ ದಿಕ್ಕಿಗೆ ಮಾತ್ರ.'
'ದಾರಿಯಲ್ಲಿ ಕರಗಿದ ಮಂಜುಗಡ್ಡೆಯ ತೂಕವು
ಯಾವ ಸರ್ಕಾರದ ಲೆಕ್ಕಕ್ಕೂ ಸೇರದು.'

ಹೆಣ್ಣು ಕೊಟ್ಟು ಅನುಭವವಿದ್ದವರು
ಯಾರೋ ಬರೆದಿರಬೇಕು ಅನ್ನಿಸಿತು.

ಹದಿನೇಳನೆಯ ಕಲಮು ಇರಲಿಲ್ಲ.
ಪುಟ ಕೊಡವಿದೆ. ಒಂದು ಹುಳು ಜಾರಿ ಓಡಿತು,
ಬೆಳ್ಳಿ ಮೈ, ಮೀನಿನದೇ ಬಾಲ.
ಕಡಲಿಲ್ಲದ ಸೀಮೆಯೊಳಕ್ಕೆ
ಸುಂಕ ಕಟ್ಟದೆ ನುಸುಳಿ ಬಂದ ಮೀನು.
"ಅದರಲ್ಲೇ ಇದ್ದದ್ದು," ಅಂದರು ಇನ್ನಾಸಪ್ಪನವರು,
"ಹೋದ ಬಂಡಿ ವಾಪಸು ಬರದಿದ್ರೆ ಏನ್ ಮಾಡಬೇಕು ಅನ್ನೋದು."

ಅಂಚಿನಲ್ಲಿ ಪೆನ್ಸಿಲಿನ ಅಂಕಿ: ೪೦೧೩.
ಮಂಡ್ಯದಲ್ಲಿ ಸಕ್ಕರೆ ಹೇರಿಕೊಂಡು ಹೊರಟದ್ದು,
ಸೀಸದ ಮುದ್ರೆ ಸರಿಯಿದೆಯೆಂದು ಅಪ್ಪನ ರುಜು.
ಆ ಕಡೆ ಹೋಯಿತು.
ಈ ಕಡೆ ಬರಲಿಲ್ಲ.
ಅದರ ಬಾಡಿಗೆಯನ್ನು ಅಪ್ಪ ಬರೆಯುತ್ತ ಬಂದರು, ಸಾಯುವ ತಿಂಗಳವರೆಗೆ.
ಆಮೇಲೆ ಅಕ್ಷರ ಬದಲಾಗಿದೆ, ಶಾಯಿ ಬದಲಾಗಿದೆ,
ದಿನಕ್ಕೆ ಎಂಟಾಣೆ ಹಾಗೇ ಇದೆ,
ಮೊದಲ ಆರು ಗಂಟೆ ಬಿಟ್ಟು.

ಯಾರನ್ನು ಕೇಳುತ್ತೀರಿ, ಅಂದೆ.
ಕಂಪನಿ ಇಲ್ಲ, ಸಂಸ್ಥಾನ ಇಲ್ಲ,
ಆ ಗೇಜಿನ ಹಳಿ ಕಿತ್ತು ತೂಕಕ್ಕೆ ಹಾಕಿ ಎಷ್ಟು ಕಾಲವಾಯಿತು.
ನಾಳೆ ಬೆಳಿಗ್ಗೆ ಬಂತು ಅಂತಲೇ ಇಟ್ಟುಕೊಳ್ಳಿ,
ಅದರ ಚಕ್ರಕ್ಕೆ ನಮ್ಮ ಊರು ಅಗಲ.

"ಕೇಳೋಕಲ್ಲಮ್ಮ. ಗಡಿ ಅಳಿಸಿದ್ರು ಅಂತ
ಲೆಕ್ಕ ಅಳಿಸೋಕಾಗತ್ತಾ?"
ತನ್ನ ಮಾತು ತನಗೇ ದೊಡ್ಡದಾಯಿತೇನೋ ಎಂಬಂತೆ
ಸುಮ್ಮನಾದರು. ಟೀ ತರಿಸಲೇ ಅಂದರು.

ಕೊನೆಯಲ್ಲಿ ಖಾಲಿ ಹಾಳೆ ಎಷ್ಟು ಬೇಕು?
ಹದಿನಾರು ಸಾಕೆಂದರು.
ಮೂವತ್ತೆರಡು ಹಾಕಿದೆ. ಕಾಗದ ಹೇಗೂ ಮಿಕ್ಕಿತ್ತು.

ಸಂಜೆ ಪ್ರೆಸ್ಸಿನಿಂದ ತೆಗೆದು ಕೈಗಿಟ್ಟರೆ
ಪುಟ ತಿರುವಲಿಲ್ಲ.
ಮೂವತ್ತು ವರ್ಷ ಯಾರ್ಡಿನಲ್ಲಿ ಸುತ್ತಿಗೆ ಹಿಡಿದು
ಚಕ್ರ ತಟ್ಟಿ ಕಿವಿಗೊಟ್ಟವರು,
ಬೆರಳ ಗೆಣ್ಣಿನಿಂದ ರಟ್ಟು ತಟ್ಟಿದರು.
ಬೆನ್ನು. ಮೇಲಿನ ಮೂಲೆ. ಕೆಳಗಿನ ಮೂಲೆ.
ಅಲ್ಲಿ ನಿಂತರು. ಇನ್ನೊಮ್ಮೆ ತಟ್ಟಿದರು.
"ಇಲ್ಲಿ ದನಿ ಮಂದ."
ನಿಜ, ಅಲ್ಲಿ ಅಂಟು ಇನ್ನೂ ಹಸಿಯಿತ್ತು.
"ದಾಟೋ ಹಾಗಿಲ್ಲ," ಅಂದು ವಾಪಸು ಕೊಟ್ಟರು,
"ನಾಳೆ ಬರ್ತೀನಿ."

ಆರು ಗಂಟೆ ದಾಟಿದರೆ ಬಾಡಿಗೆ ನಿಮ್ಮದು, ಅಂದೆ.
ನಕ್ಕರು.
ಮೆಟ್ಟಿಲು ಇಳಿಯುವ ಮುಂಚೆ ತಿರುಗಿ
ಗೋಡೆಯ ಗಡಿಯಾರ ನೋಡಿ
ಜೇಬಿನ ಚೀಟಿಯಲ್ಲಿ ವೇಳೆ ಬರೆದುಕೊಂಡರು.