ಸೆಲ್ಫ್ ತಗೊಳ್ತಿಲ್ಲ

ಫೋನಿನಲ್ಲಿ ಜವರಯ್ಯ ಅಂದದ್ದು ಇಷ್ಟೇ:
‘ಸೆಲ್ಫ್ ತಗೊಳ್ತಿಲ್ಲ ಕಣಣ್ಣ. ಕಟ್ ಅಂತದೆ, ಸುಮ್ಕಾಗ್ತದೆ.’
ಲಾರಿಯೋ ಟ್ರ್ಯಾಕ್ಟರೋ ಅಂದುಕೊಂಡೆ.
‘ದೋಣೀದು’ ಅಂದ.

ಹಾಸನದ ಆಲೂರು ರಸ್ತೆಯಲ್ಲಿ ನನ್ನದು ಹತ್ತಡಿ ಅಂಗಡಿ.
ಇಪ್ಪತ್ತೆರಡು ವರ್ಷ ಕಂಡವರ ಗಾಡಿಯ ಡೈನಮೊ ಬಿಚ್ಚಿ
ಕಾರ್ಬನ್ ಬ್ರಷ್ಷಿನ ಕರಿಪುಡಿ ಉಗುರಿನಡಿ ಕೂತು
ಈಗ ಉಗುರಿನ ಬಣ್ಣವೇ ಅದು.
ಆದರೆ ನೀರಿನ ಮೇಲೆ ಓಡುವ ಗಾಡಿ
ಒಂದನ್ನೂ ಮುಟ್ಟಿದವನಲ್ಲ.

ಗೊರೂರಿನತ್ತ ಹೋಗಿ, ಮಣ್ಣುದಾರಿ ಇಳಿದರೆ
ಹೇಮಾವತಿ ಹಿನ್ನೀರಿನ ದಂಡೆಯಲ್ಲಿ
ಮೀನುಗಾರರ ಸಂಘದ ದೋಣಿ ಮದುಮಗನ ಹಾಗೆ:
ಹೊಸ ಬಣ್ಣ, ಬಾಡಿದ ಚೆಂಡುಹೂವು,
ಹಿಂದೆ ತೂಗುವ ಇಂಜಿನ್ನಿನ ಹಣೆಗೆ ಮೂರು ಬಳಿ ವಿಭೂತಿ.
ಆಯುಧಪೂಜೆ ಕಳೆದು ನಾಲ್ಕು ದಿನ.
ಜವರಯ್ಯನ ಬಲಗೈ ಮಾತ್ರ
ಕುತ್ತಿಗೆಗೆ ಕಟ್ಟಿದ ಟವಲಿನಲ್ಲಿ ಮಲಗಿತ್ತು.
ಹಗ್ಗ ಎಳೆದೂ ಎಳೆದೂ ಮೊನ್ನೆ ಭುಜ ಕಳಚಿತಂತೆ.
‘ಎಡಗೈಲಿ ಎಳುದ್ರೆ ಇದು ಕಿವಿಗೇ ಹಾಕ್ಕಳಲ್ಲ.’

ದಂಡೆಯ ಮೇಲೆ ಆಗಲೇ ತೀರ್ಪುಗಳು ಬಂದಿದ್ದವು.
ಬ್ಯಾಟರಿ ಸತ್ತಿದೆ ಅಂತ ಒಬ್ಬ, ಅದು ಬಂದು ತಿಂಗಳಾಗಿಲ್ಲ.
ಸ್ಟಾರ್ಟರೇ ಸುಟ್ಟಿದೆ, ಮಂಗಳೂರಿಂದ ತರಿಸಬೇಕು,
ಹದಿನೆಂಟು ಸಾವಿರ, ಅಂತ ಇನ್ನೊಬ್ಬ.
ಸಂಘದ ಲೆಕ್ಕ ಬರೆಯುವ ಕೆಂಚಮ್ಮ
ಹದಿನೆಂಟು ಅಂದದ್ದೇ ತಡ
ನೀರಿನ ಕಡೆ ಮುಖ ಮಾಡಿ ಕೂತಳು.

ಗೊತ್ತಿಲ್ಲದ ಕಡೆ ಗೊತ್ತಿರುವುದರಿಂದ ಶುರು ಮಾಡಬೇಕು.
ಗೇರು ನ್ಯೂಟ್ರಲ್ಲಿನಲ್ಲಿದೆಯಾ, ಇದೆ. ಫ್ಯೂಸು ನೆಟ್ಟಗಿದೆ.
ಬ್ಯಾಟರಿಗೆ ಮೀಟರು ಹಿಡಿದರೆ ಹನ್ನೆರಡೂವರೆ.
ಕೀ ತಿರುಗ್ಸಯ್ಯ ಅಂದೆ.
ಕಟ್.
ಒಳಗಿಂದ ಚಿಲಕ ತೆಗೆದ ಸದ್ದು,
ಯಾರೂ ಹೊರಗೆ ಬರಲಿಲ್ಲ.
ರಿಲೇಯ ಎರಡು ಬೋಲ್ಟಿಗೆ ಸ್ಪ್ಯಾನರು ಅಡ್ಡ ಇಟ್ಟೆ,
ಕಿಡಿಯೂ ಸೊರಗಿದ ಕಿಡಿ.
ಪ್ಲಸ್ಸಿನ ವೈರು ಉದ್ದಕ್ಕೂ ಮುಟ್ಟಿ ನೋಡಿದೆ. ಹೋಗುವ ದಾರಿ ಸರಿಯಿದೆ.
ಹಾಗಾದರೆ

ಬರುವ ದಾರಿ.
ಕರೆಂಟು ಹೋದದ್ದು ತಿರುಗಿ ಬರಬೇಕು,
ಬರಲಾರದಿದ್ದರೆ ಅದು ಹೋಗುವುದೂ ಇಲ್ಲ.
ನಮ್ಮ ಕಸುಬಿನಲ್ಲಿ ಆ ದಾರಿಗೆ ಅರ್ಥು ಅನ್ನುತ್ತೇವೆ.
ಕೆಲಸ ಕಲಿಸಿದ ದಸ್ತಗೀರ್ ಸಾಬರು
‘ಅರ್ಥ ಸಿಕ್ತೇನೋ?’ ಅಂತಲೇ ಕೇಳುತ್ತಿದ್ದರು.
ಯಾವುದನ್ನು ಕೇಳುತ್ತಿದ್ದರೋ,
ನಾನು ಎರಡಕ್ಕೂ ತಲೆಯಾಡಿಸುತ್ತಿದ್ದೆ.

ಜಂಪರ್ ವೈರಿನ ಒಂದು ತುದಿ ಬ್ಯಾಟರಿಯ ಮೈನಸ್ಸಿಗೆ,
ಇನ್ನೊಂದು ಇಂಜಿನ್ನಿನ ಬರಿ ಲೋಹಕ್ಕೆ ಒತ್ತಿ ಹಿಡಿದು
‘ಈಗ’ ಅಂದೆ.
ಕೆರಳಿ ಎದ್ದಿತು.
ದಡದ ಬೆಳ್ಳಕ್ಕಿಗಳೂ ಎದ್ದವು.
ಇಂಜಿನ್ನಿನ ಪಕ್ಕೆಯಿಂದ ಸಣ್ಣ ನೀರಿನ ಧಾರೆ ಚಿಮ್ಮಿತು,
‘ಉಚ್ಚೆ ಹುಯ್ತಾ ಅದೆ!’ ಅಂತ ಯಾವುದೋ ಮಗು ಕುಣಿಯಿತು.

ನಿಲ್ಲಿಸಿ, ಮೈನಸ್ ವೈರು ಕೂರುವ ಬೋಲ್ಟು ಬಿಚ್ಚಿದರೆ
ಅದರಡಿ ಹಸಿರು ಬಣ್ಣ.
ಎರಡು ಕೋಟು, ಒಂದು ಗುಳ್ಳೆಯಿಲ್ಲದ ಹಾಗೆ.
‘ಪೂಜೆಗೆ ಅಂತ’ ಅಂದ ಜವರಯ್ಯ,
‘ಎಲ್ಲಾ ಬಿಚ್ಚಿ ಬಳುದಿದ್ದೆ. ಒಂದು ಸಂದೂ ಬಿಟ್ಟಿಲ್ಲ.’
ಆಮೇಲೆ ಟವಲಿನೊಳಗಿನ ಕೈ ನೋಡಿಕೊಂಡು
‘ಹಂಗಾರೆ ಈ ಭುಜವ ನಾನೇ...’
ಅಲ್ಲಿಗೇ ನಿಲ್ಲಿಸಿದ.

ಉಪ್ಪುಕಾಗದ ತಗೊಂಡು ತಿಕ್ಕಿದೆ.
ಎಂಟಾಣೆಯಗಲ ಬೆಳ್ಳಗೆ ಹೊಳೆಯುವವರೆಗೆ.
ವೈರು ಕೂರಿಸಿ ಬಿಗಿದು ಗ್ರೀಸು ಸವರಿದೆ.
‘ಸುತ್ತ ಕಿತ್ತೋಗದೆ, ಒಂಚೂರು ಬಣ್ಣ ಮುಟ್ಟುಸ್ಲಾ?’
ಬೇಡ ಮಾರಾಯ.
ಅಷ್ಟು ಜಾಗ ಬೋಳಾಗಿರಲಿ.

ಕೆಂಚಮ್ಮ ಪುಸ್ತಕ ತೆರೆದಳು:
ಉಪ್ಪುಕಾಗದ ಒಂದು, ಕೂಲಿ ಮುನ್ನೂರೈವತ್ತು.
ನನ್ನ ಸಹಿ ಹಾಕಿಸಿಕೊಂಡು
ಮೇಲೆ ಎರಡು ಜಿಲೇಬಿ ಮೀನು, ಅದು ಲೆಕ್ಕದಲ್ಲಿಲ್ಲ.

ಏರಿ ಹತ್ತಿ ಬೈಕಿನ ಹತ್ತಿರ ಬಂದೆ.
ಅದರ ಸೆಲ್ಫ್ ಕೆಟ್ಟು ಎರಡು ವರ್ಷ.
ಕೆಳಗಿನಿಂದ ಯಾರಾದರೂ ನೋಡುತ್ತಿದ್ದಾರಾ
ಅಂತ ಒಮ್ಮೆ ತಿರುಗಿ,
ಕಿಕ್ ಹೊಡೆದೆ.