ಆರು ಅಂದರೆ ಇಲ್ಲ

ಹಾವೇರಿಯ ಈ ಲ್ಯಾಬಿನಲ್ಲಿ ನನ್ನದು ಹದಿನಾರನೇ ವರ್ಷ.
ಅಂಗೈಯಗಲದ ತಟ್ಟೆಯಲ್ಲಿ ರೋಗ ಬೆಳೆಸುವ ಕೆಲಸ.
ಯಾರದೋ ಕೀವು, ಯಾರದೋ ಕಫ,
ಹತ್ತಿಯ ಕಡ್ಡಿಯಿಂದ ಸವರಿ
ಮೇಲೆ ಔಷಧದ ಬಿಲ್ಲೆ ಇಡುತ್ತೇನೆ,
ರಂಗೋಲಿಗೆ ಮೊದಲು ಚುಕ್ಕಿ ಇಟ್ಟ ಹಾಗೆ.
ಬೆಳಗ್ಗೆ ನೋಡಿದರೆ ಬಿಲ್ಲೆಯ ಸುತ್ತ
ಸಾರಿಸಿಟ್ಟಂಥ ಅಂಗಳ.
ಸ್ಕೇಲು ಹಿಡಿದು ಅಳೆಯುತ್ತೇನೆ: ಇಪ್ಪತ್ತೆರಡು ಮಿಲಿಮೀಟರ್.
ಒಬ್ಬರು ಬದುಕಲು ಅಷ್ಟು ಜಾಗ ಸಾಕು.

ಹಳೆಯ ರಜಿಸ್ಟರುಗಳಲ್ಲಿ ಅಂಗಳಗಳು ದೊಡ್ಡವು.
ಆಮೇಲೆ ಹದಿನಾಲ್ಕು, ಹನ್ನೊಂದು,
ಆಮೇಲೆ ಬಿಲ್ಲೆಗೇ ತಾಗಿ ಬೆಳೆದ ಹುಲ್ಲು.
ಅದಕ್ಕೆ ಆರು ಅಂತ ಬರೆಯುತ್ತೇವೆ.
ಆರು ಬಿಲ್ಲೆಯ ಅಗಲ ಅಷ್ಟೇ.
ಆರು ಅಂದರೆ ಇಲ್ಲ.

ಸೋನವ್ವ ಲಮಾಣಿ, ಇಪ್ಪತ್ಮೂರು, ಬಾಣಂತಿ, ಹೊಲಿಗೆ ಬಿಟ್ಟ ಗಾಯ.
ಹನ್ನೆರಡು ಬಿಲ್ಲೆ ಇಡಬೇಕಿತ್ತು, ಹತ್ತು ಇಟ್ಟೆ.
ಹತ್ತೂ ಆರು.
ಉಳಿದೆರಡು ನಮ್ಮಲ್ಲಿರಲಿಲ್ಲ,
ಇಂಡೆಂಟು ಹೋಗಿ ಐದು ತಿಂಗಳು.

ಆ ವಾರವೇ ಪಶು ಆಸ್ಪತ್ರೆಯ ಹಿರೇಕುರುಬರ ಡಾಕ್ಟರು
ಊಟದ ಡಬ್ಬಿಯಲ್ಲಿ ತಟ್ಟೆ ತಂದರು.
"ನೀಲಕ್ಕಾರ, ಇದು ರಾಣೆಬೆನ್ನೂರ ಕಡೆ ಕೋಳಿ ಶೆಡ್ಡಿಂದು.
ನಮ್ಮ ಇನ್‌ಕ್ಯುಬೇಟರ್ ಕೆಟ್ಟು ಕುಂತೈತಿ,
ನಿಮ್ಮದರಾಗ ಒಂದ್ ರಾತ್ರಿ ಮಲಗಸ್ರಿ."
ಮಲಗಿಸಿದೆ.
ಬೆಳಗ್ಗೆ ಎದ್ದದ್ದು ಸೋನವ್ವನ ತಟ್ಟೆಯ ಅವಳಿ.
ನಗರಸಭೆಯ ಕಿಲ್ಲೇದಾರ ಮೇಡಂ ಕಳಿಸಿದ
ಗಟಾರದ ಬಾಟಲಿಯಲ್ಲಿ ಮೂರನೆಯದು.

ಜಿಲ್ಲಾ ಪಂಚಾಯತಿಯಲ್ಲಿ ಸಭೆ. ಗಿರಮಿಟ್ಟು, ಮಿರ್ಚಿ, ಚಹಾ.
ಕೋಳಿ ನಮ್ಮ ಬಾಬತ್ತಲ್ಲ ಅಂದರು ಒಬ್ಬರು.
ಗಟಾರ ನಮ್ಮದು, ಗಟಾರದೊಳಗಿನದು ನಿಮ್ಮದು ಅಂದರು ಇನ್ನೊಬ್ಬರು.
ರೋಗಿ ನಮ್ಮವರೇ, ಆದರೆ ಬಿಲ್ಲೆಗೆ ಹೆಡ್ಡಿಲ್ಲ ಅಂದರು ನಮ್ಮವರು.
ಅದು ಮಾತ್ರ ಯಾರ ಸಹಿಗೂ ಕಾಯದೆ
ಶೆಡ್ಡಿನಿಂದ ಗಟಾರಕ್ಕೆ, ಗಟಾರದಿಂದ ಕೊಡಕ್ಕೆ,
ಕೊಡದಿಂದ ಕೈಗೆ
ವರ್ಗವಾಗುತ್ತ ಹೋಗಿತ್ತು.

ಟೇಪು ಸುತ್ತಿದ ಮೂರೂ ತಟ್ಟೆ ಮೇಜಿನ ಮೇಲಿಟ್ಟೆ.
ಹೆಸರು ಬರೆದಿರಲಿಲ್ಲ.
"ನಿಮ್ಮ ನಿಮ್ಮದು ಎತ್ತಿಕೊಳ್ರಿ ಸಾಹೇಬ್ರ."
ಯಾರೂ ಎತ್ತಲಿಲ್ಲ.
ನಡಾವಳಿಯಲ್ಲಿ ಬರೆದರು: ಚರ್ಚಿಸಲಾಯಿತು.

ಸಭೆ ಆದದ್ದು ಆಮೇಲೆ, ಮೆಟ್ಟಿಲ ಮೇಲೆ.
"ನೀರಿನ ಪರೀಕ್ಷೆ ಬಾಬತ್ತಿನಾಗ ಹನ್ನೆರಡು ಸಾವಿರ ಉಳದೈತಿ,
ಮಾರ್ಚ್ ಮುಗದ್ರ ವಾಪಸ್ ಹೋಗತೈತಿ," ಕಿಲ್ಲೇದಾರ ಮೇಡಂ ಅಂದರು,
"ಬಿಲ್ಲೆ ನೀರಿಗೂ ಬೇಕಲ್ರಿ?"
ಬೇಕು ಅಂದೆ. ಸುಳ್ಳಲ್ಲ.
ಹಿರೇಕುರುಬರ ಡಾಕ್ಟರು ಲಸಿಕೆಯ ಐಸ್ ಡಬ್ಬಿ ಕೊಟ್ಟರು.
ಔಷಧ ಅಂಗಡಿಯ ಅಂದಾನೆಪ್ಪ ಕಲಕೋಟಿ
ಒಂದು ಉದ್ದನೆ ವಹಿ ತಂದು ಕೈಗಿಟ್ಟು,
"ಚೀಟಿ ಇಲ್ದ ಮಾರಿದ್ದೂ ಬರ್ದೇನ್ರಿ," ಅಂದು
ಬೈಗುಳಕ್ಕೆ ನಿಂತ. ಬೈಯಲಿಲ್ಲ.
ಮೂರು ತಿಂಗಳಿಂದ ನಾನು ಹುಡುಕುತ್ತಿದ್ದ ಲೆಕ್ಕ ಅದು.

ಹುಬ್ಬಳ್ಳಿಯಿಂದ ಬಿಲ್ಲೆಗಳು ಬ್ಯಾಡಗಿ ಬಸ್ಸಿನಲ್ಲಿ ಬಂದವು,
ಖಾಲಿ ಮೆಣಸಿನಕಾಯಿ ಚೀಲಗಳ ಪಕ್ಕ.
ಸೀನುತ್ತಲೇ ಕಂಡಕ್ಟರು ಡಬ್ಬಿ ಇಳಿಸಿದ.
ಐಸು ಅರ್ಧ ಕರಗಿತ್ತು.

ಆ ರಾತ್ರಿ ಎರಡು ಸಲ ಕರೆಂಟು ಹೋಯಿತು.
ಜನರೇಟರಿನ ಡೀಸೆಲ್ಲಿಗೆ ಯಾರು ಕೊಟ್ಟರೋ ಕೇಳಲಿಲ್ಲ.
ಬೆಳಗ್ಗೆ, ಹನ್ನೊಂದನೆಯದು ಆರು.
ಹನ್ನೆರಡನೆಯದು, ಈಗ ಯಾರೂ ಬರೆಯದ ಹಳೇ ಔಷಧ,
ಹದಿನೆಂಟು.
ಕನ್ನಡಕ ಒರೆಸಿ ಮತ್ತೆ ಅಳೆದೆ.
ಹದಿನೆಂಟೇ. ಚಾರ್ಟು ನೋಡಿದೆ. ಸಾಕು.

ವಾರ್ಡಿಗೆ ಫೋನು ಮಾಡಿದೆ. ಆಮೇಲೆ ಹಿರೇಕುರುಬರಿಗೆ.
ಅವರು ಬಹಳ ಹೊತ್ತು ಸುಮ್ಮನಿದ್ದರು.
ಹಿಂದೆ ಕೋಳಿಗಳ ಸದ್ದು.
"ಛಲೋ ಆತ್ರಿ. ಆದ್ರ ಆ ಔಷಧದ ಹೆಸರು
ಈ ಕಡೆ ಶೆಡ್ಡಿನವರಿಗೆ ಯಾರಿಗೂ ಹೇಳಬ್ಯಾಡ್ರಿ."

ಹೇಳಿಲ್ಲ.
ಇಲ್ಲಿಯೂ ಬರೆದಿಲ್ಲ.