ನಮೂನೆಯ ಎರಡನೇ ಸಾಲು

ಪಣಜಿಯಿಂದ ಬಂದ ನಮೂನೆಯಲ್ಲಿ ಎರಡು ಸಾಲು:
ಶೈಕ್ಷಣಿಕ ತಂತ್ರಜ್ಞಾನ: ಇದೆ, ಇಲ್ಲ.
ತಂತ್ರಜ್ಞಾನ ಶಿಕ್ಷಣ: ಇದೆ, ಇಲ್ಲ.
ಬೇಡವಾದದ್ದನ್ನು ಹೊಡೆದುಹಾಕಿ.
ಶನಿವಾರದೊಳಗೆ ತಲುಪಿಸಿ.

ಮೂರು ವರ್ಷ ಮೇಲಿನದನ್ನೇ ಕೆಳಗೂ ಬರೆದೆ.
ಯಾರೂ ಕೇಳಲಿಲ್ಲ. ಕೇಳಿದ್ದರೆ
ಚಹಾ ಕುಡಿಸಿ ಹೇಳುತ್ತಿದ್ದೆ:
ಇರುವುದೇ ಎರಡು ಪದ ಸ್ವಾಮಿ, ಹಿಂದುಮುಂದು, ಅಷ್ಟೇ.

ವ್ಯಾಕರಣದ ಮೇಷ್ಟ್ರು ನಾನು, ನಾಚಬೇಕಿತ್ತು.
ಹೂದೋಟ ಬೇರೆ, ತೋಟದ ಹೂ ಬೇರೆ ಎಂದು
ಇದೇ ಬಾಯಿಂದ ಏಳನೆಯವರಿಗೆ ಹೇಳಿ,
ಗಾಣದೆಣ್ಣೆ ಸೀಸೆಯಲ್ಲಿ ಮನೆಗೆ ಬರುತ್ತದೆ,
ಎಣ್ಣೆಗಾಣಕ್ಕೆ ಹೆಗಲು ಕೊಡಬೇಕಾಗುತ್ತದೆ ಎಂದು ನಗಿಸಿ,
ನಮೂನೆ ಬಂದಾಗ ಎರಡಕ್ಕೂ ಒಂದೇ ಗೀಟು.

ವಾಸ್ಕೊ ಬಂದರಿನ ಬೆನ್ನಿಗೆ ಆತುಕೊಂಡ ಶಾಲೆ ನಮ್ಮದು.
ಎರಡು ಕೋಣೆ ಕನ್ನಡಕ್ಕೆ, ಮೂರು ಮರಾಠಿಗೆ, ನಲ್ಲಿ ಒಂದೇ.
ಹಡಗಿನಿಂದ ಕಲ್ಲಿದ್ದಲು ಇಳಿಯುವ ದಿನ
ಡಬ್ಬಿಯ ಮೊಸರನ್ನದ ಮೇಲೂ ಕರಿ ಸಾಸಿವೆ,
ಒಗ್ಗರಣೆಯದಲ್ಲ.

ಹೋದ ಜೂನಿನಲ್ಲಿ ಸ್ಮಾರ್ಟ್ ಬೋರ್ಡು ಬಂತು.
ಅದರಿಂದ ಪಾಠ ಮಾಡಿದೆ. ಅದರಿಂದ ಹೃದಯ ಬಡಿಯಿತು,
ಜ್ವಾಲಾಮುಖಿ ಉಗುಳಿತು,
ಕೃಷ್ಣೆ ತುಂಗಭದ್ರೆಯರು ಬೆರಳ ತುದಿಯಲ್ಲಿ ಕೂಡಿದರು.
ಮಕ್ಕಳು ಬಾಯಿ ತೆರೆದು ಕೂತರು, ನಾನೂ.
ಸುಳ್ಳು ಯಾಕೆ, ಒಳ್ಳೆಯ ಹಲಗೆ.
ಇಪ್ಪತ್ತು ವರ್ಷ ಸೀಮೆಸುಣ್ಣದಲ್ಲಿ ನಾನು ಬರೆದ ಹೃದಯ
ಮಾವಿನಕಾಯಿಯ ಹಾಗಿತ್ತು.

ದೀಪಾವಳಿ ಕಳೆದು ಬಂದರೆ ಬಲಮೂಲೆ ಸತ್ತಿತ್ತು.
ಒತ್ತಿದರೂ ಏಳದು. ಇನ್ನೊಂದೆಡೆ ಯಾರೂ ಮುಟ್ಟದೆಯೇ
ಗೆರೆ ತನ್ನಷ್ಟಕ್ಕೆ ಎಳೆದುಕೊಳ್ಳುತ್ತಿತ್ತು.
ಕಂಪನಿಗೆ ಫೋನು ಮಾಡಿದೆ. ಒಂದನ್ನು ಒತ್ತಿ, ಎರಡನ್ನು ಒತ್ತಿ.
ಒತ್ತಿದೆ. ಮಡಗಾಂವಿನ ಹುಡುಗ ನಾಳೆ ಬರುತ್ತಾನಂತೆ.
ನಾಳೆಗೆ ಹನ್ನೊಂದು ದಿನವಾಯಿತು.

ಹುಲಿಗೆಮ್ಮ ತಳವಾರ ಹಿಂದಿನ ಬೆಂಚಿನವಳು,
ವಿಭಕ್ತಿಯಲ್ಲಿ ಮೂರು ಸಲ ಸೊನ್ನೆ.
ಮನೆಯಲ್ಲಿ ದಿನಕ್ಕೆರಡು ಬಾರಿ ಕಿಟಕಿ ಒರೆಸುವ ಕೈ
ಸುಮ್ಮನಿರಲಾರದೆ ಒದ್ದೆ ಬಟ್ಟೆ ತಂದು ಒರೆಸಿತು,
ಹಲಗೆಯನ್ನಲ್ಲ, ಅದರ ಚೌಕಟ್ಟಿನ ಒಳಂಚನ್ನು.
ಬಟ್ಟೆ ಕಪ್ಪಾಯಿತು. ಮೂಲೆ ಬದುಕಿತು.

ಅಷ್ಟಕ್ಕೇ ನಾನು ಪಾಠ ಮುಂದುವರಿಸಬಹುದಿತ್ತು.
ಅವಳು ಬಿಡಲಿಲ್ಲ.
ಬೆರಳಿಟ್ಟಳು, ಗೆರೆ. ಪೆನ್ಸಿಲ್ಲಿಟ್ಟಳು, ಗೆರೆ.
ಬಳೆ, ಗೆರೆ. ಮೊಣಕೈ, ದಪ್ಪ ಗೆರೆ.
ಹಲಗೆಗೆ ತಾಗದಂತೆ, ಕೂದಲೆಳೆಯಷ್ಟು ದೂರದಲ್ಲಿ
ಕಾಗದದ ಅಂಚು ಹಿಡಿದಳು.
ಅದಕ್ಕೂ ಗೆರೆ.
"ಸರ್, ಇದಕ್ಕ ಬೆರಳು ಗೊತ್ತಿಲ್ರೀ.
ನೆರಳು ಗೊತ್ತು."

ಮೊಬೈಲ್ ಕೇಳಿ ಇಸಿದುಕೊಂಡಳು.
"ನಮ್ಮ ಮಾಮ ರಿಮೋಟ ಹಿಂಗ ನೋಡತಾನ್ರೀ."
ಕ್ಯಾಮೆರಾದೊಳಗೆ ಇಣುಕಿದರೆ ಚೌಕಟ್ಟಿನುದ್ದಕ್ಕೂ
ನೇರಳೆ ಚುಕ್ಕಿಗಳು,
ಇರುವೆಗಳು ಲಾಟೀನು ಹಿಡಿದು ಸಾಲುಗಟ್ಟಿದ ಹಾಗೆ.
ಕಣ್ಣಿಗೆ ಕಾಣದ ಬೆಳಕು ಅಡ್ಡಡ್ಡ ಹರಿಯುತ್ತಿದೆ,
ನಾವು ಅದಕ್ಕೆ ಅಡ್ಡ ಬರುತ್ತೇವೆ. ಧೂಳೂ ಬಂದಿತ್ತು.
ಐದು ತಿಂಗಳು ಅದರೆದುರೇ ನಿಂತು
ಬೆಳಕಿನ ಪಾಠ ಮಾಡಿದ್ದೆ ನಾನು.

ಆ ಪಿರಿಯಡ್ಡಿನಲ್ಲಿ ಇತಿಹಾಸ ನಡೆಯಲಿಲ್ಲ.
ಮೂವತ್ತೊಂದು ಮಕ್ಕಳು ಒಬ್ಬೊಬ್ಬರಾಗಿ ಬೆಳಕಿಗೆ ಅಡ್ಡ ಬಂದರು.
ಆಮೇಲೆ ಹಳೆಯ ಕರಿಹಲಗೆಯ ಮೇಲೆ ಅವಳ ಕೈಲಿ ಬರೆಸಿದೆ:
ಹಲಗೆಯಿಂದ ಕಲಿತೆವು.
ಹಲಗೆಯನ್ನು ಕಲಿತೆವು.
ವಿಭಕ್ತಿ ಯಾವುದು, ಹೇಳು?
ಎರಡೂ ಪಂಚಮಿ ಅಂದಳು.
ತಪ್ಪು. ನಾಲ್ಕನೇ ಸೊನ್ನೆಗೆ ನನ್ನ ಕೈ ಏಳಲಿಲ್ಲ.

ಹನ್ನೆರಡನೇ ದಿನ ಮಡಗಾಂವಿನ ಹುಡುಗ ಬಂದ.
ನೆಟ್ಟಗೆ ನಡೆಯುವ ಹಲಗೆಯನ್ನು ನೋಡಿ
ದುರಸ್ತಿ ಮಾಡಲಾಗಿದೆ ಎಂದು ಬರೆದು, ಸಹಿ ಹಾಕಿಸಿಕೊಂಡು,
ಬಸ್ಸು ತಪ್ಪುತ್ತದೆಂದು ಓಡಿದ.

ಇವತ್ತು ಶನಿವಾರ. ಮೊದಲ ಸಾಲು ಸಲೀಸು:
ಹಲಗೆ ಒಂದು, ಸರಣಿ ಸಂಖ್ಯೆ, ವಾರಂಟಿಯ ತಾರೀಖು.
ಎರಡನೆಯದಕ್ಕೂ ಅದೇ ಅಂಕಣಗಳು.
ಸಂಖ್ಯೆ ಎಷ್ಟು? ಮೊತ್ತ ಎಷ್ಟು? ಸರಬರಾಜು ಮಾಡಿದವರು ಯಾರು?
ಹೊರಗೆ ಇನ್ನೊಂದು ಹಡಗು ಕೂಗುತ್ತಿದೆ.
ಕಾಗದದ ಮೇಲೆ ಆಗಲೇ ಸಣ್ಣಗೆ ಕಪ್ಪು ಕೂತಿದೆ. ಊದಿದೆ.
ಪೆನ್ನು ತೆರೆದು ಬಾಗಿದರೆ
ಇದೆ, ಇಲ್ಲಗಳ ಮೇಲೆ
ನನ್ನದೇ ಕೈಯ ನೆರಳು.